ಮನೆಗೆ ಅಪ್‌ರೈಟ್ ಪಿಯಾನೋ: ಹೊಸದಾ, ಜಪಾನಿನ ಹಳೆಯದಾ, ಕುಕ್ ಟೌನ್ ಮನೆಯದಾ?

ರಾಜಾಜಿನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 10 ವರ್ಷ. 88 ಕೀಗಳ ಡಿಜಿಟಲ್ ಪಿಯಾನೋದಲ್ಲಿ ಕಲಿಯುತ್ತಿದ್ದಾಳೆ. ಈಗ ಪಿಯಾನೋ ಪರೀಕ್ಷೆಯ ಮೂರನೇ ಗ್ರೇಡ್‌ಗೆ ತಯಾರಿ. ಅವಳ ಟೀಚರ್ "ಇನ್ನು ನಿಜವಾದ ಪಿಯಾನೋ ತಗೊಳ್ಳಿ, ಕೈ ಬೆಳೆಯುವ ವಯಸ್ಸು" ಎನ್ನುತ್ತಿದ್ದಾರೆ. ಮನೆಯಲ್ಲಿ ಬೇರೆ ಯಾರಿಗೂ ನುಡಿಸಲು ಬರುವುದಿಲ್ಲ. ಹಾಗಾಗಿ ಅಂಗಡಿಯವರು ಏನು ಹೇಳಿದರೂ ತಲೆ ಆಡಿಸುವ ಸ್ಥಿತಿ ನಮ್ಮದು.

ಕಣ್ಣ ಮುಂದೆ ಮೂರು ದಾರಿ ಇವೆ. ಒಂದು, ಹೊಸ ಚಿಕ್ಕ ಅಪ್‌ರೈಟ್ (ಗೋಡೆ ಪಕ್ಕ ನಿಲ್ಲಿಸಿಡುವ ಪಿಯಾನೋ), ಯಮಹಾ ಬಿ1 ಥರದ್ದು. ಎರಡು, ಜಪಾನಿನಿಂದ ಬಂದ, ರಿಪೇರಿ ಮಾಡಿ ಮಾರುವ ಯಮಹಾ ಯು1. 80ರ ದಶಕದ್ದಂತೆ. ಮೂರು, ಕುಕ್ ಟೌನ್‌ನ ಒಂದು ಮನೆಯಲ್ಲಿರುವ ಇಂಗ್ಲಿಷ್ ಪಿಯಾನೋ. ಆ ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟಿದೆ, ತುಂಬಾ ಕಡಿಮೆ ಬೆಲೆಗೆ ಕೊಡುತ್ತಾರಂತೆ. ನೋಡಲು ಎಷ್ಟು ಚೆನ್ನಾಗಿದೆ ಅಂದರೆ ನನ್ನ ಯಜಮಾನರು ಆಗಲೇ ಅದಕ್ಕೆ ಜಾಗ ಹುಡುಕಿಬಿಟ್ಟಿದ್ದಾರೆ. ಕೆತ್ತನೆ, ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡು, ಎಲ್ಲಾ ಇದೆ.

ಯಾವುದು ಒಳ್ಳೆಯದು? ನಾವಿರುವುದು ಮೂರನೇ ಮಹಡಿಯ ಫ್ಲ್ಯಾಟ್.

ಡಿಜಿಟಲ್ ದಾಸ

ನಾಲ್ಕನೇ ದಾರಿ ಬಿಟ್ಟಿರಿ ಮೇಡಂ. ಈಗಿರುವ ಡಿಜಿಟಲ್ಲೇ ಇರಲಿ, ಅಥವಾ ಅದಕ್ಕಿಂತ ಒಳ್ಳೆಯ ಡಿಜಿಟಲ್ ತಗೊಳ್ಳಿ. ರೋಲ್ಯಾಂಡ್ ಎಫ್‌ಪಿ-30ಎಕ್ಸ್, ಕವಾಯಿ ಇಎಸ್120 ಇಂಥವುಗಳ ಕೀ ತೂಕ ಚೆನ್ನಾಗಿಯೇ ಇರುತ್ತದೆ. ಶ್ರುತಿ ಹೋಗುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು. ಮಗು ಎಂಟನೇ ಕ್ಲಾಸಿಗೆ ಬಂದು ಟ್ಯೂಷನ್, ಟೆಸ್ಟ್ ಅಂತ ಪಿಯಾನೋ ಬಿಟ್ಟರೆ 15 ಕೆಜಿಯ ಪೆಟ್ಟಿಗೆಯನ್ನು ಮಾರುವುದು ಸುಲಭ. 200 ಕೆಜಿಯದ್ದನ್ನು ಯಾರು ಹೊರುತ್ತಾರೆ?

ತಂತಿ-ಸುತ್ತಿಗೆ

ನಾನು ಪಿಯಾನೋ ರಿಪೇರಿ ಕಲಿತವನು, ಈಗ ಹವ್ಯಾಸಕ್ಕೆ ಮಾತ್ರ ಮಾಡುತ್ತೇನೆ. ಕುಕ್ ಟೌನ್ ಪಿಯಾನೋದಿಂದಲೇ ಶುರು ಮಾಡುತ್ತೇನೆ. ನಿಮ್ಮ ಯಜಮಾನರು ಜಾಗ ಅಳೆಯುವುದಕ್ಕಿಂತ ಮುಂಚೆ ಇದನ್ನು ಓದಲಿ.

ಕಂಟೋನ್ಮೆಂಟ್ ಕಡೆಯ ಮನೆಗಳಲ್ಲಿ, ಕೆಜಿಎಫ್‌ನಲ್ಲಿ, ಕೊಡಗು-ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳಲ್ಲಿ ಇಂಥ ಪಿಯಾನೋಗಳು ಇನ್ನೂ ಸಿಗುತ್ತವೆ. ಬ್ರಾಡ್‌ವುಡ್, ಚಾಪೆಲ್, ಕೊಲಾರ್ಡ್ ಹೀಗೆ ದೊಡ್ಡ ಹೆಸರುಗಳೇ. ಹೆಸರು ನೋಡಿ ಮರುಳಾಗಬೇಡಿ. ಮೇಲಿನ ಮುಚ್ಚಳ ತೆಗೆಸಿ. ಕೆಳಗೆ, ಪೆಡಲ್ ಮೇಲಿರುವ ಹಲಗೆಯನ್ನೂ ತೆಗೆಸಿ. ಅದು ಸಾಮಾನ್ಯವಾಗಿ ಒಂದು ಸ್ಪ್ರಿಂಗ್ ಕ್ಲಿಪ್‌ನಲ್ಲಿ ನಿಂತಿರುತ್ತದೆ. ಟಾರ್ಚ್ ಹಿಡಿದು ನೋಡಿ.

ಮೊದಲು ಕಬ್ಬಿಣದ ಫ್ರೇಮ್. ಒಂದು ಪಿಯಾನೋದಲ್ಲಿ ಸುಮಾರು 230 ತಂತಿಗಳಿರುತ್ತವೆ. ಎಲ್ಲಾ ಸೇರಿ 18-20 ಟನ್ ಎಳೆತ. ಅದನ್ನು ತಡೆಯುವುದು ಎರಕದ ಕಬ್ಬಿಣದ ಫ್ರೇಮ್. ಹಳೆಯ ಕೆಲವು ಪಿಯಾನೋಗಳಲ್ಲಿ ಅದು ಮೇಲಿನವರೆಗೆ ಬಂದಿರುವುದಿಲ್ಲ, ತಂತಿ ಸುತ್ತಿರುವ ಶ್ರುತಿ ಮೊಳೆಗಳು ಕುಳಿತ ಮರದ ತುಂಡು ಬರಿದಾಗಿ ಕಾಣುತ್ತದೆ. ಇಂಥದ್ದು ಬೇಡ.

ಆಮೇಲೆ ತಂತಿ ಹೇಗೆ ಹೋಗಿದೆ ನೋಡಿ. ಮಂದ್ರದ ದಪ್ಪ ತಂತಿಗಳು ಉಳಿದವುಗಳ ಮೇಲೆ ಓರೆಯಾಗಿ ದಾಟಿ ಹೋಗಿದ್ದರೆ ಒಳ್ಳೆಯದು. ಎಲ್ಲವೂ ನೇರ ಮೇಲಿಂದ ಕೆಳಗೆ ಇಳಿದಿದ್ದರೆ ಅದು ಹಳೆಯ ಕ್ರಮ.

ಇನ್ನು ಡ್ಯಾಂಪರ್. ಕೀ ಬಿಟ್ಟ ಕೂಡಲೇ ತಂತಿಯ ನಾದ ನಿಲ್ಲಿಸುವ ಫೆಲ್ಟ್ ಅದು. ತಂತಿಗೆ ಬಡಿಯುವ ಸುತ್ತಿಗೆಗಳ ಕೆಳಗೆ ಇದ್ದರೆ ಸರಿ. ಸುತ್ತಿಗೆಗಳ ಮೇಲೆ ಇದ್ದು, ಮುಂದೆ ಉದ್ದುದ್ದ ಕಂಬಿಗಳ ಸಾಲು ಕಂಡರೆ, ಅದನ್ನು ಹಕ್ಕಿ ಪಂಜರ ಎಂದೇ ಕರೆಯುತ್ತಾರೆ. ನಾದ ಸರಿಯಾಗಿ ನಿಲ್ಲುವುದಿಲ್ಲ. ಶ್ರುತಿ ಮಾಡುವವರಿಗೂ ಆ ಕಂಬಿಗಳ ಮಧ್ಯೆ ಕೈ ಹಾಕುವುದು ಕಷ್ಟ. ಅನೇಕರು ಫೋನಿನಲ್ಲೇ "ಬರಲ್ಲ" ಎಂದುಬಿಡುತ್ತಾರೆ.

ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಆ್ಯಪ್ ಹಾಕಿಕೊಂಡು ಹೋಗಿ. ನಡುವಿನ ಸಿ ಕೀಯಿಂದ ಮೇಲೆ, ಅಂದರೆ ಬಲಗಡೆ, ಸಿಗುವ ಎ ಕೀ ಒತ್ತಿ. 440 ಹರ್ಟ್ಸ್ ಬರಬೇಕು. 435 ಬಂದರೆ ಪರವಾಗಿಲ್ಲ. 415ರ ಹತ್ತಿರ ಬಂದರೆ ಪಿಯಾನೋ ಪೂರ್ತಿ ಅರ್ಧ ಸ್ವರ ಇಳಿದಿದೆ ಎಂದರ್ಥ. ಅದನ್ನು ಮೇಲೆ ಎಳೆಯುವಾಗ ತುಕ್ಕು ಹಿಡಿದ ತಂತಿಗಳು ಪಟಪಟ ಕಿತ್ತು ಹೋಗಬಹುದು. ಮೊಳೆ ಹಿಡಿದಿರುವ ಮರ ಸಡಿಲವಾಗಿದ್ದರೆ ಇವತ್ತು ಮಾಡಿದ ಶ್ರುತಿ ಮುಂದಿನ ವಾರ ಇರುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಹಳೆಯ ಪಿಯಾನೋದ ಬಿಳಿ ಕೀಗಳ ಮೇಲೆ ಅಡ್ಡ ಒಂದು ಕೂದಲೆಳೆಯ ಗೆರೆ ಇದ್ದರೆ, ಅಂದರೆ ಅಗಲದ ಮುಂಭಾಗ ಒಂದು ತುಂಡು, ಹಿಂದಿನ ಬಾಲ ಇನ್ನೊಂದು ತುಂಡು, ಅದು ಆನೆದಂತ ಇರಬಹುದು. ನಮ್ಮಲ್ಲಿ ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ. ಕೊಳ್ಳುವವರಿಗೂ ತಲೆನೋವು, ಮಾರುವವರಿಗೂ ತಲೆನೋವು.

ಮೇಲಿನ ತುದಿಯ 18-20 ಕೀಗಳಲ್ಲಿ ಕೈ ತೆಗೆದರೂ ನಾದ ನಿಲ್ಲದಿದ್ದರೆ ಹೆದರಬೇಡಿ. ಅಲ್ಲಿ ಡ್ಯಾಂಪರ್ ಇರುವುದೇ ಇಲ್ಲ. ಎಲ್ಲಾ ಪಿಯಾನೋದಲ್ಲೂ ಹಾಗೇ.

ಪಾಠದ ಮನೆ, ಮೈಸೂರು

ಡಿಜಿಟಲ್ ದಾಸ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಶುರುವಿನ ಒಂದೆರಡು ವರ್ಷಕ್ಕೆ ಒಳ್ಳೆಯ ಡಿಜಿಟಲ್ ಸಾಕು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಅದೇ ಇರುವುದು. ಆದರೆ ಈ ಮಗು ಆ ಹಂತ ದಾಟಿದೆ ಅಲ್ವಾ?

ವ್ಯತ್ಯಾಸ ಎಲ್ಲಿ ಬರುತ್ತದೆ ಎಂದರೆ, ಮೆಲ್ಲಗೆ ನುಡಿಸುವುದರಲ್ಲಿ. ನಿಜವಾದ ಪಿಯಾನೋದಲ್ಲಿ ಕೀ ಒತ್ತಿದರೆ ಮರದ ಸನ್ನೆಗಳ ಮೂಲಕ ಒಂದು ಫೆಲ್ಟಿನ ಸುತ್ತಿಗೆ ಹಾರಿ ತಂತಿಗೆ ಬಡಿದು ವಾಪಸ್ ಬೀಳುತ್ತದೆ. ತೀರಾ ಮೆಲ್ಲಗೆ ಒತ್ತಿದರೆ ಸುತ್ತಿಗೆ ತಂತಿಯನ್ನು ಮುಟ್ಟುವುದೇ ಇಲ್ಲ, ನಾದ ಬರುವುದಿಲ್ಲ. ಡಿಜಿಟಲ್‌ನಲ್ಲಿ ಕಲಿತ ಮಕ್ಕಳು ಪರೀಕ್ಷೆಯ ದಿನ ಅಲ್ಲಿನ ಪಿಯಾನೋ ಮುಂದೆ ಕೂತಾಗ ಮೆಲುದನಿಯ ಜಾಗದಲ್ಲಿ ಸ್ವರಗಳು ನುಂಗಿಹೋಗುತ್ತವೆ. ಪೆಡಲ್ ಕೂಡ ಹಾಗೇ. ಅರ್ಧ ಒತ್ತಿದಾಗ ಏನಾಗುತ್ತದೆ, ಮುಕ್ಕಾಲು ಒತ್ತಿದಾಗ ಏನಾಗುತ್ತದೆ ಎಂಬುದು ಕಾಲಿಗೆ ಗೊತ್ತಾಗಬೇಕು.

ಹಾಗಂತ ಅಪ್‌ರೈಟ್ ಎಂದರೆ ಗ್ರ್ಯಾಂಡ್ ಪಿಯಾನೋದ ನಿಂತ ರೂಪ ಎಂದುಕೊಳ್ಳಬೇಡಿ. ಗ್ರ್ಯಾಂಡ್‌ನಲ್ಲಿ ಸುತ್ತಿಗೆ ತನ್ನ ತೂಕಕ್ಕೇ ಕೆಳಗೆ ಬೀಳುತ್ತದೆ. ಅಪ್‌ರೈಟ್‌ನಲ್ಲಿ ಅದು ಅಡ್ಡ ಚಲಿಸುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆ. ಒಂದೇ ಸ್ವರವನ್ನು ಬೇಗ ಬೇಗ ನುಡಿಸಬೇಕಾದರೆ ಕೀಯನ್ನು ಹೆಚ್ಚು ಕಡಿಮೆ ಪೂರ್ತಿ ಮೇಲೆ ಬಿಡಬೇಕು. ಎಡಗಡೆಯ ಪೆಡಲ್ ಅಪ್‌ರೈಟ್‌ನಲ್ಲಿ ಸುತ್ತಿಗೆಗಳನ್ನು ತಂತಿಯ ಹತ್ತಿರ ತರುತ್ತದೆ ಅಷ್ಟೇ, ದನಿಯ ಬಣ್ಣ ಅಷ್ಟೇನೂ ಬದಲಾಗುವುದಿಲ್ಲ. ಐದಾರನೇ ಗ್ರೇಡ್‌ವರೆಗೆ ಇದೆಲ್ಲ ದೊಡ್ಡ ತೊಂದರೆ ಅಲ್ಲ.

ಎತ್ತರದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಮಹಾ ಬಿ1 109 ಸೆಂ.ಮೀ. ಎತ್ತರ. ಯು1 121 ಸೆಂ.ಮೀ. ಯು3 131 ಸೆಂ.ಮೀ. ಎತ್ತರ ಹೆಚ್ಚಾದರೆ ಮಂದ್ರದ ತಂತಿ ಉದ್ದವಾಗುತ್ತದೆ, ತಂತಿಯ ನಾದವನ್ನು ಜೋರು ಮಾಡುವ ಹಿಂದಿನ ನಾದಹಲಗೆ ದೊಡ್ಡದಾಗುತ್ತದೆ. ಚಿಕ್ಕ ಪಿಯಾನೋದ ಕೊನೆಯ ಎಡಗಡೆ ಕೀಗಳನ್ನು ಒತ್ತಿ ನೋಡಿ. ಯಾವ ಸ್ವರ ಎಂದು ಗುರುತೇ ಸಿಗದ ಒಂದು ಗುರ್‌ ಸದ್ದು ಬರುತ್ತದೆ. 120 ಸೆಂ.ಮೀ. ದಾಟಿದ ಪಿಯಾನೋದಲ್ಲಿ ಅದು ಸ್ವರವಾಗಿ ಕೇಳುತ್ತದೆ. ಜಾಗ ಮತ್ತು ದುಡ್ಡು ಎರಡೂ ಇದ್ದರೆ 120ಕ್ಕಿಂತ ಕೆಳಗೆ ಇಳಿಯಬೇಡಿ. ಯು1 ಅಲ್ಲದಿದ್ದರೆ ಕವಾಯಿ ಕೆ-300 ಕೂಡ ಅದೇ ಅಳತೆಯದು, 122 ಸೆಂ.ಮೀ. ಅದರ ದನಿ ಸ್ವಲ್ಪ ದುಂಡು, ಯಮಹಾದ್ದು ಸ್ವಲ್ಪ ಚೂಪು. ಇದು ನನ್ನ ಕಿವಿಯ ಮಾತು, ನಿಮ್ಮ ಮಗಳ ಕಿವಿಗೆ ಬೇರೆ ಅನ್ನಿಸಬಹುದು.

ಪಿಯಾನೋ ನಮ್ಮದಲ್ಲ ಎನ್ನುವವರಿಗೆ ಒಂದು ಮಾತು. ಜಯಚಾಮರಾಜ ಒಡೆಯರ್ ಅವರು ಗಂಭೀರವಾಗಿ ಪಿಯಾನೋ ಕಲಿತವರು. ಲಂಡನ್‌ನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದವರು. ರಷ್ಯಾದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಅವರ ಎಷ್ಟೋ ಸಂಗೀತ ರೆಕಾರ್ಡ್ ಆಗಿದ್ದು ಮೈಸೂರಿನ ದುಡ್ಡಿನಲ್ಲಿ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ವಿಷಯ ಬಿಟ್ಟು ಹೋದೆ, ಇರಲಿ.

ಕುಡ್ಲದ ಮಳೆ

ಮೇಷ್ಟ್ರು ಎತ್ತರದ ಬಗ್ಗೆ ಹೇಳಿದರು. ನಾನು ತೇವದ ಬಗ್ಗೆ ಹೇಳುತ್ತೇನೆ ಮಾರಾಯ್ರೆ, ಏಕೆಂದರೆ ಮಂಗಳೂರಿನಲ್ಲಿ ಪಿಯಾನೋ ಇಟ್ಟುಕೊಂಡವರಿಗೆ ಬೇರೆ ಮಾತೇ ಇಲ್ಲ.

ಜೂನ್ ಬಂತು ಎಂದರೆ ಕೀಗಳು ಒಂದೊಂದಾಗಿ ಅಂಟಿಕೊಳ್ಳುತ್ತವೆ. ಒತ್ತಿದರೆ ಕೆಳಗೆ ಹೋಗುತ್ತದೆ, ಮೇಲೆ ಬರುವುದಿಲ್ಲ. ಮರ ಉಬ್ಬಿ, ಕೀ ತಿರುಗುವ ಪಿನ್ನಿನ ಸುತ್ತ ಇರುವ ಫೆಲ್ಟ್ ಬಿಗಿಯಾಗುತ್ತದೆ. ತಂತಿಗೆ ತುಕ್ಕು. ಒಳಗೆ ಬೂಷ್ಟು. ನಾದಹಲಗೆ ತೇವ ಕುಡಿದು ಉಬ್ಬಿದರೆ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ನಡುವಿನ ಸ್ವರಗಳಲ್ಲಿ ಇದು ಜಾಸ್ತಿ. ಹಾಗಾಗಿ ಪಿಯಾನೋ ತನ್ನಷ್ಟಕ್ಕೇ ಅಪಸ್ವರ ಆಗುತ್ತದೆ, ಯಾರೂ ಮುಟ್ಟದಿದ್ದರೂ.

ನಮ್ಮ ಕಡೆ ಹಳಬರು ಪಿಯಾನೋದ ಕೆಳಗಿನ ಖಾಲಿ ಜಾಗದಲ್ಲಿ ಕಡಿಮೆ ವ್ಯಾಟಿನ ಬಲ್ಬ್ ಉರಿಸುತ್ತಿದ್ದರು. ಅದರ ಬಿಸಿಗೆ ಒಳಗೆ ಒಣಗಿರುತ್ತದೆ. ಈಗಿನ ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ಅದು ಬಿಸಿಯೇ ಆಗುವುದಿಲ್ಲ. ಹಳೆಯ ಬಲ್ಬ್ ಮರಕ್ಕೆ ತಾಗಿದರೆ ಬೆಂಕಿಯ ಭಯ. ಅದಕ್ಕಿಂತ ಡ್ಯಾಂಪ್-ಚೇಸರ್ ಎಂಬ ಬಿಸಿ ಕಡ್ಡಿ ಬರುತ್ತದೆ, ತೇವ ನೋಡಿಕೊಂಡು ತಾನೇ ಆನ್-ಆಫ್ ಆಗುತ್ತದೆ. ಅದನ್ನು ಹಾಕಿಸಿದ ಮೇಲೆ ನಮ್ಮದು ಸುಮಾರಾಗಿ ನಿಂತಿದೆ.

ನುಸಿಯನ್ನು ಮರೆಯಬೇಡಿ. ಸುತ್ತಿಗೆಯ ಫೆಲ್ಟ್ ಉಣ್ಣೆಯದು. ನುಸಿಗೆ ಅದು ಹಬ್ಬದ ಊಟ. ಇಲಿ ಒಳಗೆ ಗೂಡು ಕಟ್ಟಿದ್ದೂ ಇದೆ. ಗೆದ್ದಲು ಹಿಂದಿನ ಗೋಡೆಯಿಂದ ಬರುತ್ತದೆ, ಅದಕ್ಕೇ ಗೋಡೆಗೆ ಅಂಟಿಸಿ ಇಡಬಾರದು.

ಬಯಲುಸೀಮೆ, ಧಾರವಾಡ

ಬೆಂಗಳೂರಿನವರಿಗೆ ಕುಡ್ಲದ ಕಥೆ ಹೇಳಿ ಹೆದರಿಸಬ್ಯಾಡ್ರೀ. ಬೆಂಗಳೂರಿನ ಹವಾ ಪಿಯಾನೋಕ್ಕೆ ಸಾಕಷ್ಟು ಒಳ್ಳೆಯದು. 40ರಿಂದ 60 ಪರ್ಸೆಂಟ್ ತೇವ ಇದ್ದರೆ ಸಾಕು, ಅದಕ್ಕಿಂತ ಮುಖ್ಯ ಏಕಾಏಕಿ ಏರಿಳಿಯಬಾರದು. ಹೈಗ್ರೋಮೀಟರ್ ಅಂತ ಚಿಕ್ಕ ಡಬ್ಬಿ ಸಿಗುತ್ತದೆ, ಪಿಯಾನೋ ಬರುವ ಮೊದಲೇ ಆ ಜಾಗದಲ್ಲಿ ಇಟ್ಟು ಸ್ವಲ್ಪ ಕಾಲ ನೋಡಿರಿ.

ನಮ್ಮ ಕಡೆ ಕಷ್ಟ ಬೇರೆ. ಬ್ಯಾಸಿಗೆಯಲ್ಲಿ ಒಣಗಿ ಕೀ ಕಟಕಟ ಅನ್ನುತ್ತವೆ. ಶ್ರುತಿ ಮಾಡುವವರು ಊರಲ್ಲಿಲ್ಲ. ಗೋವಾದಿಂದಲೋ ಬೆಂಗಳೂರಿನಿಂದಲೋ ಬರಬೇಕು. ಅವರ ಬಸ್ಸು, ಊಟ, ಉಳಿಯೋದು ಎಲ್ಲಾ ನಮ್ಮದೇ. ಅದಕ್ಕೇ ಇಲ್ಲಿ ಮೂರು ಮನೆಯವರು ಸೇರಿ ಒಬ್ಬರನ್ನೇ ಒಂದೇ ಸಲ ಕರೆಸುತ್ತೇವೆ.

ನನ್ನ ಸಲಹೆ ಒಂದೇ. ಪಿಯಾನೋ ಹುಡುಕುವ ಮೊದಲು ಟ್ಯೂನರ್, ಅಂದ್ರ ಶ್ರುತಿ ಮಾಡುವವರನ್ನು, ಹುಡುಕಿರಿ. ಅವರು "ಇದನ್ನು ನಾನು ನೋಡ್ಕೋತೀನಿ" ಅಂದ ಪಿಯಾನೋ ತಗೋರಿ.

ತಂತಿ-ಸುತ್ತಿಗೆ

ಧಾರವಾಡದವರು ಹೇಳಿದ್ದಕ್ಕೆ ನನ್ನ ಪೂರ್ತಿ ಮತ. ಬ್ರ್ಯಾಂಡ್ ಯಾವುದು ಎಂಬ ಜಗಳ ಆಮೇಲೆ.

ಹೊಸ ಪಿಯಾನೋ ಆದರೆ ಮೊದಲ ವರ್ಷ ಮೂರು ನಾಲ್ಕು ಸಲ ಶ್ರುತಿ ಮಾಡಿಸಬೇಕು. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ. ಆಮೇಲೆ ವರ್ಷಕ್ಕೆ ಎರಡು ಸಲ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಒಂದು, ಬೇಸಿಗೆಗೆ ಮುಂಚೆ ಒಂದು ಎಂದು ಇಟ್ಟುಕೊಳ್ಳಿ. ಈ ಖರ್ಚನ್ನು ಪಿಯಾನೋ ಬೆಲೆಯ ಜೊತೆಗೇ ಲೆಕ್ಕ ಹಾಕಿ.

ಮ್ಯೂನಿಕ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಹಳೆಯ ಅಪ್‌ರೈಟ್‌ಗಳನ್ನು "ಬಂದು ಹೊತ್ತುಕೊಂಡು ಹೋಗಿ, ದುಡ್ಡು ಬೇಡ" ಎಂದು ಜಾಹೀರಾತು ಹಾಕುತ್ತಾರೆ. ಮಕ್ಕಳು ದೊಡ್ಡವರಾದರು, ಮನೆ ಚಿಕ್ಕದಾಯಿತು, ಯಾರಿಗೂ ಬೇಡ. ಊರಿಗೆ ವಾಪಸ್ ಬರುವಾಗ ಕಂಟೇನರ್‌ನಲ್ಲಿ ಒಂದನ್ನು ಹಾಕಿಕೊಂಡು ಬರೋಣ ಎಂದು ನನಗೂ ಆಸೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ತೇವ 30 ಪರ್ಸೆಂಟ್‌ಗಿಂತ ಕೆಳಗೆ ಇಳಿಯುತ್ತದೆ. ಅಲ್ಲಿ ವರ್ಷಗಟ್ಟಲೆ ಒಣಗಿದ ಮರ ಬೆಂಗಳೂರಿಗೆ ಬಂದರೆ ಏನಾಗುತ್ತದೆ?

ತಂತಿ-ಸುತ್ತಿಗೆ

@ಮ್ಯೂನಿಕ್ ಕನ್ನಡಿಗ: ಒಣ ಜಾಗದಿಂದ ತೇವದ ಜಾಗಕ್ಕೆ ಬಂದರೆ ಸಾಮಾನ್ಯವಾಗಿ ಬದುಕುತ್ತದೆ. ತೇವದಿಂದ ಒಣ ಜಾಗಕ್ಕೆ ಹೋದರೆ ಕಷ್ಟ, ಮರ ಕುಗ್ಗಿ ಬಿರುಕು ಬಿಡುತ್ತದೆ, ಮೊಳೆ ಸಡಿಲ ಆಗುತ್ತದೆ. ಆದರೆ ಪುಕ್ಕಟೆ ಪಿಯಾನೋಕ್ಕೆ ಸಾಗಣೆ, ಸುಂಕ, ರಿಪೇರಿ ಸೇರಿದರೆ ಅದು ಪುಕ್ಕಟೆ ಅಲ್ಲ. ಅಲ್ಲಿ ಒಬ್ಬ ಟೆಕ್ನಿಷಿಯನ್‌ಗೆ ತೋರಿಸಿ, ಮೊಳೆಗಳ ಬಿಗಿತ ನೋಡಿಸಿ, ಆಮೇಲೆ ಯೋಚನೆ ಮಾಡಿ.

ಈಗ ರಾಜಾಜಿನಗರದ ಅಮ್ಮನಿಗೆ, ಜಪಾನಿನ ಯು1 ಬಗ್ಗೆ.

ಜಪಾನಿನಲ್ಲಿ 70-80ರ ದಶಕದಲ್ಲಿ ಮನೆಮನೆಗೂ ಪಿಯಾನೋ ಹೋಯಿತು. ಆ ಮಕ್ಕಳೆಲ್ಲ ಬೆಳೆದರು. ಆ ಪಿಯಾನೋಗಳೇ ಈಗ ಏಷ್ಯಾದ ತುಂಬ ಮಾರಾಟಕ್ಕೆ ಬಂದಿರುವುದು. ಹಮಾಮತ್ಸುವಿನಲ್ಲಿ ಮಾಡಿದ ಯು1 ಗಟ್ಟಿ ಪಿಯಾನೋ, ಅದರಲ್ಲಿ ಅನುಮಾನ ಇಲ್ಲ. ಬಿ1 ಇಂಡೊನೇಷ್ಯಾದಲ್ಲಿ ತಯಾರಾಗುತ್ತದೆ, ಕಡಿಮೆ ಬೆಲೆಗೆಂದೇ ಮಾಡಿದ ಮಾದರಿ. ಒಳ್ಳೆಯ ಸ್ಥಿತಿಯ ಹಳೆ ಯು1 ಮತ್ತು ಹೊಸ ಬಿ1 ಎದುರುಬದುರು ಇದ್ದರೆ ನಾನು ಯು1 ಕಡೆಗೇ ಹೋಗುತ್ತೇನೆ. "ಒಳ್ಳೆಯ ಸ್ಥಿತಿಯ" ಎಂಬುದನ್ನು ಇನ್ನೊಂದು ಸಲ ಓದಿ.

ರಿಪೇರಿ ಮಾಡಿದ್ದೇವೆ ಎಂದು ಅಂಗಡಿಯವರು ಹೇಳಿದರೆ ಏನು ರಿಪೇರಿ ಎಂದು ಕೇಳಿ. ಹೊರಗೆ ಕಪ್ಪು ಪಾಲಿಷ್ ಉಜ್ಜಿ, ಕೀಗಳನ್ನು ಒರೆಸಿ ಇಟ್ಟರೂ ಅದನ್ನೇ ಹೇಳುತ್ತಾರೆ. ತಂತಿ ಬದಲಿಸಿದಿರಾ? ಸುತ್ತಿಗೆಗಳನ್ನು ಬದಲಿಸಿದಿರಾ, ಇಲ್ಲ ಉಜ್ಜಿ ಆಕಾರಕ್ಕೆ ತಂದಿರಾ? ಸುತ್ತಿಗೆಯ ಮೂಗಿನಲ್ಲಿ ತಂತಿ ಬಡಿದ ಗೆರೆಗಳು ಆಳವಾಗಿದ್ದರೆ ಆ ಪಿಯಾನೋ ಸಿಕ್ಕಾಪಟ್ಟೆ ನುಡಿದಿದೆ. ಶಾಲೆಯಲ್ಲಿ ಇದ್ದದ್ದೂ ಇರಬಹುದು. ಸೀರಿಯಲ್ ನಂಬರ್ ಒಳಗೆ ಕಬ್ಬಿಣದ ಫ್ರೇಮ್ ಮೇಲೆ ಇರುತ್ತದೆ. ಅದನ್ನು ಬರೆದುಕೊಂಡು ಯಮಹಾದ ಪಟ್ಟಿಯಲ್ಲಿ ತಯಾರಾದ ವರ್ಷ ನೋಡಿ. ಅಂಗಡಿಯವರು ಹೇಳಿದ ವರ್ಷಕ್ಕೂ ಅದಕ್ಕೂ ಹತ್ತು ವರ್ಷ ವ್ಯತ್ಯಾಸ ಬಂದರೆ ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ.

ಇನ್ನೊಂದು. ಯುರೋಪಿಯನ್ ಹೆಸರು ಇದ್ದರೆ ಯುರೋಪಿನದೇ ಎಂದು ತಿಳಿಯಬೇಡಿ. ರಿಟ್‌ಮುಲ್ಲರ್ ಜರ್ಮನ್ ಹೆಸರು, ಆದರೆ ಈಗ ಅದು ಚೀನಾದ ಗುವಾಂಗ್‌ಜೌನಲ್ಲಿರುವ ಪರ್ಲ್ ರಿವರ್ ಕಂಪನಿಯದು. ಪಿಯಾನೋ ಕೆಟ್ಟದ್ದು ಎಂದಲ್ಲ. ಜರ್ಮನ್ ಬೆಲೆ ಕೊಡಬೇಡಿ ಅಷ್ಟೇ.

ಫೋಟೋ ಫ್ರೇಮ್

ನಮ್ಮ ಮನೆಯ ಪಿಯಾನೋ ಬಗ್ಗೆ ಹೇಳಲಾ? ಅಣ್ಣ ನುಡಿಸುವುದು ಬಿಟ್ಟ ಮೇಲೆ ಅದರ ಮೇಲೆ ಮೊದಲು ಮದುವೆ ಫೋಟೋ ಬಂತು. ಆಮೇಲೆ ಗಣಪತಿ. ಆಮೇಲೆ ನೀರು ತುಂಬಿದ ಹೂದಾನಿ. ಬೆಕ್ಕು ಹೂದಾನಿ ಉರುಳಿಸಿದ ದಿನ ಅಣ್ಣನಿಗಿಂತ ಜಾಸ್ತಿ ಅಮ್ಮ ಅತ್ತರು. ನೀರು ನೇರ ಒಳಗೆ ಇಳಿಯಿತು. ಹೂದಾನಿ ಮಾತ್ರ ಬೇಡ ಅಕ್ಕಾ. ಗಣಪತಿ ಇರಲಿ.

ರಾಜಾಜಿನಗರದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. ಟೀಚರ್ ಪರಿಚಯದ ಟ್ಯೂನರ್ ಒಬ್ಬರನ್ನು ಕರೆದುಕೊಂಡು ಕುಕ್ ಟೌನ್‌ಗೆ ಹೋಗಿದ್ದೆವು. ಅವರು ಮುಚ್ಚಳ ಎತ್ತಿ ನೋಡಿ ನಕ್ಕುಬಿಟ್ಟರು. ತಂತಿ-ಸುತ್ತಿಗೆ ಹೇಳಿದ ಹಕ್ಕಿ ಪಂಜರವೇ. ಎ ಸ್ವರ 418. ಆ ಮನೆಯ ಆಂಟಿ ಪಾಪ ಒಳ್ಳೆಯವರು, "ನಮ್ಮ ಮಮ್ಮಿ ಇದರಲ್ಲೇ ಕಲಿತಿದ್ದು" ಎಂದು ಟೀ ಕೊಟ್ಟರು. ತೆಗೆದುಕೊಳ್ಳುವುದಿಲ್ಲ ಎಂದು ಹೇಳುವುದು ನನಗೇ ಕಷ್ಟವಾಯಿತು.

ಈಗ ಯು1 ಮತ್ತು ಕೆ-300 ನಡುವೆ ಇದ್ದೇವೆ. ಹೊಸ ಪ್ರಶ್ನೆಗಳು. ಇಷ್ಟು ಭಾರ ಮೂರನೇ ಮಹಡಿಯ ನೆಲ ತಡೆಯುತ್ತದಾ? ನಮ್ಮ ಲಿಫ್ಟ್ 8 ಜನರದ್ದು, ಅದರಲ್ಲಿ ಹೋಗುತ್ತದಾ? ಪಕ್ಕದ ಮನೆಯವರು ಏನೆನ್ನುತ್ತಾರೆ? ಅವರ ಮಗ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾನೆ.

ಕಾಂಕ್ರೀಟ್ ಮನುಷ್ಯ

ಸಿವಿಲ್ ಎಂಜಿನಿಯರ್ ಹಾಜರ್.

ನೆಲದ ಚಿಂತೆ ಬಿಡಿ. ನಮ್ಮ ಕೋಡ್ ಪ್ರಕಾರ, ಐಎಸ್ 875, ವಾಸದ ಕೋಣೆಯ ಸ್ಲ್ಯಾಬ್‌ಗೆ ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಹೊರೆ ಲೆಕ್ಕ ಹಾಕುತ್ತೇವೆ. 10 ಅಡಿ 12 ಅಡಿ ಕೋಣೆ ಎಂದರೆ ಸುಮಾರು 11 ಚದರ ಮೀಟರ್, ಒಟ್ಟು 2 ಟನ್ ಮೇಲೆ. ಯು1 228 ಕೆಜಿ. ಹುಟ್ಟುಹಬ್ಬದ ದಿನ ಹಾಲ್‌ನಲ್ಲಿ ನಿಲ್ಲುವ ನೆಂಟರ ತೂಕ ಅದಕ್ಕಿಂತ ಜಾಸ್ತಿ. ಗೋಡೆ ಅಥವಾ ಬೀಮ್ ಪಕ್ಕ ಇಡಿ, ಚಕ್ರಗಳ ಕೆಳಗೆ ಅಗಲದ ಕಪ್ ಕೊಡಿ, ಟೈಲ್ಸ್ ಉಳಿಯುತ್ತವೆ. ಹಳೆಯ ಮನೆಯ ಮದ್ರಾಸ್ ಟೆರೇಸ್ (ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ್ದು) ಆಗಿದ್ದರೆ ಮಾತ್ರ ಯಾರಿಗಾದರೂ ತೋರಿಸಿ ಎನ್ನುತ್ತಿದ್ದೆ.

ತೊಂದರೆ ಇರುವುದು ಲಿಫ್ಟ್‌ನಲ್ಲಿ. 8 ಜನರ ಲಿಫ್ಟ್ 544 ಕೆಜಿ ಎತ್ತುತ್ತದೆ, ಹಾಗಾಗಿ ತೂಕ ಪಾಸ್. ಆದರೆ ಒಳಗಿನ ಅಳತೆ ಸಾಮಾನ್ಯವಾಗಿ 1.3 ಮೀಟರ್‌ಗೆ 1.1 ಮೀಟರ್. ಯು1 ಉದ್ದ 153 ಸೆಂ.ಮೀ., ಆಳ 61 ಸೆಂ.ಮೀ. ಓರೆಯಾಗಿ ಇಟ್ಟರೂ ಹಿಡಿಯುವುದಿಲ್ಲ. ಸ್ಟ್ರೆಚರ್ ಹೋಗುವಂಥ ಉದ್ದದ ಲಿಫ್ಟ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮೆಟ್ಟಿಲು. ಮೆಟ್ಟಿಲು ತಿರುಗುವ ಜಾಗವನ್ನು ಅಳೆಯಿರಿ, ಬಾಗಿಲನ್ನಲ್ಲ. ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಪಿಯಾನೋ ಸಾಗಿಸಿ ಗೊತ್ತಿರುವವರನ್ನೇ ಕರೆಸಿ, ಸೋಫಾ ಹೊರುವವರು ಬೇಡ. ಭಾರವೆಲ್ಲ ಹಿಂಭಾಗದಲ್ಲಿ ಇರುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲಿಸಲು ಆಗುವುದಿಲ್ಲ.

ಡಿಜಿಟಲ್ ದಾಸ

ಮತ್ತೆ ಬಂದೆ. ಮೆಟ್ಟಿಲು, ತೇವ, ನುಸಿ, ಬೆಕ್ಕು. ನನ್ನ ಪೆಟ್ಟಿಗೆಯನ್ನು ಒಬ್ಬನೇ ಎತ್ತಿಕೊಂಡು ಬಂದೆ ಎಂದು ಹೇಳಲು ಅಷ್ಟೇ.

ಪಕ್ಕದ ಮನೆಯ ವಿಷಯಕ್ಕೆ ಒಂದು ಉಪಾಯ ಇದೆ. ಸೈಲೆಂಟ್ ಎಂಬ ಮಾದರಿಯ ಅಕೌಸ್ಟಿಕ್‌ಗಳು, ಅಂದರೆ ತಂತಿ ಇರುವ ಪಿಯಾನೋಗಳು, ಬರುತ್ತವೆ. ಒಂದು ಅಡ್ಡಪಟ್ಟಿ ಸುತ್ತಿಗೆಯನ್ನು ತಂತಿಗೆ ತಾಗುವ ಮೊದಲೇ ತಡೆಯುತ್ತದೆ, ನಾದ ಹೆಡ್‌ಫೋನ್‌ನಲ್ಲಿ ಕೇಳುತ್ತದೆ. ಬೆಲೆ ಕೇಳಿದ ಮೇಲೆ ನನ್ನ ಮಾತು ನೆನಪಾಗುತ್ತದೆ.

ಪಾಠದ ಮನೆ, ಮೈಸೂರು

ಸೈಲೆಂಟ್ ಇಲ್ಲದಿದ್ದರೂ ಯು1, ಕೆ-300 ಎರಡರಲ್ಲೂ ನಡುವಿನ ಪೆಡಲ್ ಇದೆ. ಅದನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಸುತ್ತಿಗೆ ಮತ್ತು ತಂತಿ ನಡುವೆ ಒಂದು ಫೆಲ್ಟ್ ಪಟ್ಟಿ ಇಳಿಯುತ್ತದೆ. ಸದ್ದು ತುಂಬಾ ತಗ್ಗುತ್ತದೆ. ಸ್ವರ ಗುರುತು ಮಾಡಿಕೊಳ್ಳಲು, ಬೆರಳಿನ ಅಭ್ಯಾಸಕ್ಕೆ ಸಾಕು. ಇಡೀ ದಿನ ಅದರಲ್ಲೇ ನುಡಿಸಿದರೆ ಮಾತ್ರ ಕಿವಿ ಮಂದವಾಗುತ್ತದೆ. ಹುಡುಗ ಎದ್ದ ಮೇಲೆ ಸಂಜೆ 5ರಿಂದ 7ರವರೆಗೆ ಬಿಚ್ಚಿ ನುಡಿಸಲಿ. ಮೊದಲೇ ಹೋಗಿ ಅವರಿಗೆ ಹೇಳಿಬಿಡಿ, ಮೊದಲ ಸಲ ಒಂದು ಡಬ್ಬಿ ಮೈಸೂರುಪಾಕ್ ಜೊತೆ.

ಅಪ್‌ರೈಟ್‌ನ ದನಿ ಹೆಚ್ಚಾಗಿ ಹಿಂಭಾಗದಿಂದ ಬರುತ್ತದೆ. ಪಕ್ಕದ ಮನೆಯವರ ಗೋಡೆಗೆ ಬೆನ್ನು ಹಾಕಿ ಇಡಬೇಡಿ. ಮಳೆ ಬಡಿಯುವ ಹೊರಗೋಡೆ ಬೇಡ, ಬಾತ್‌ರೂಂ ಗೋಡೆ ಬೇಡ, ಬಿಸಿಲು ಬೀಳುವ ಕಿಟಕಿ ಬೇಡ, ಎಸಿ ಗಾಳಿ ನೇರ ಬಡಿಯುವ ಜಾಗವೂ ಬೇಡ.

ಅಂಗಡಿಗೆ ಮಗಳನ್ನು ಕರೆದುಕೊಂಡು ಹೋಗುತ್ತೀರಿ ಅಲ್ವಾ? ಅವಳಿಗೆ ಚೆನ್ನಾಗಿ ಬರುವ ಒಂದು ತುಣುಕನ್ನು ಎರಡೂ ಪಿಯಾನೋದಲ್ಲಿ ನುಡಿಸಲಿ, ಮೊದಲು ಆದಷ್ಟು ಮೆಲ್ಲಗೆ. ಆಮೇಲೆ ನೀವು 88 ಕೀಗಳನ್ನೂ ಒಂದೊಂದಾಗಿ ಒತ್ತಿ. ನೀವು ನುಡಿಸಲು ಬರದವರು ಆದ್ದರಿಂದಲೇ ಈ ಕೆಲಸ ನಿಮಗೆ ಸರಿ, ಸಂಗೀತದಲ್ಲಿ ಮೈಮರೆಯುವುದಿಲ್ಲ. ಒಂದು ಕೀ ಪಕ್ಕದ್ದಕ್ಕಿಂತ ಗಡಸಾಗಿ ಕೇಳುತ್ತಿದೆಯೇ, ಎಲ್ಲಾದರೂ ಝೇಂಕಾರ ಇದೆಯೇ, ಕೈ ಬಿಟ್ಟ ಮೇಲೂ ನಾದ ಉಳಿಯುತ್ತಿದೆಯೇ ನೋಡಿ. ಅಂಗಡಿಯವರು ಹಿಂದೆ ನಿಂತು ಗಡಿಯಾರ ನೋಡಿದರೆ ನೋಡಲಿ.

ರಾಜಾಜಿನಗರದ ಅಮ್ಮ

ನಿರ್ಧಾರ ಆಯಿತು. ಜಪಾನಿನ ಯು1. ಸೀರಿಯಲ್ ನಂಬರ್ ನೋಡಿದೆವು, ಅಂಗಡಿಯವರು ಹೇಳಿದ ವರ್ಷವೇ ಬಂತು. ನಮ್ಮ ಟ್ಯೂನರ್ ಸುತ್ತಿಗೆ, ಮೊಳೆ ಎಲ್ಲಾ ಪರೀಕ್ಷೆ ಮಾಡಿ "ನಾನು ನೋಡ್ಕೋತೀನಿ" ಎಂದರು. ಧಾರವಾಡದವರು ಹೇಳಿದ ಮಾತೇ! ಮಗಳು ಕೆ-300 ಮುಂದೆಯೂ ತುಂಬಾ ಹೊತ್ತು ಕೂತಿದ್ದಳು, ಆದರೆ ಹೊಸದರ ಬೆಲೆ ನಮ್ಮ ಕೈಗೆ ಎಟುಕಲಿಲ್ಲ. ಲಿಫ್ಟ್‌ಗೆ ಹೋಗುವುದಿಲ್ಲ, ಮೆಟ್ಟಿಲ ತಿರುವು ಅಳೆದೆವು, ಸಾಗಿಸುವವರು ಬಂದು ನೋಡಿ ಆಗುತ್ತದೆ ಎಂದಿದ್ದಾರೆ. ಹಾಲ್‌ನ ಒಳಗೋಡೆಗೆ ಜಾಗ ಮಾಡಿದ್ದೇವೆ. ಅಲ್ಲಿದ್ದ ಟಿವಿ ಈಗ ಬೆಡ್‌ರೂಮಿಗೆ ಹೋಯಿತು, ಯಜಮಾನರ ಮುಖ ನೋಡಬೇಕು.

ಬಂದ ದಿನವೇ ಶ್ರುತಿ ಮಾಡಿಸಬೇಕಾ?

ತಂತಿ-ಸುತ್ತಿಗೆ

ಬೇಡ. ಎರಡು ಮೂರು ವಾರ ಬಿಡಿ. ಮರ ನಿಮ್ಮ ಮನೆಯ ಹವೆಗೆ ಹೊಂದಿಕೊಳ್ಳಲಿ. ಅಲ್ಲಿಯವರೆಗೆ ಅವಳು ನುಡಿಸಬಹುದು, ಸ್ವಲ್ಪ ಅಪಸ್ವರ ಕೇಳಿದರೆ ಗಾಬರಿ ಬೇಡ. ಪಿಯಾನೋ ಜೊತೆ ಎತ್ತರ ಹೊಂದಿಸಬಹುದಾದ ಬೆಂಚ್ ಕೇಳಿ ತಗೊಳ್ಳಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ.

ಟ್ಯೂನರ್ ಬರುವ ದಿನ ಫ್ಯಾನ್ ಆಫ್ ಮಾಡಿ. ತಿರುಗುವ ರೆಕ್ಕೆಗೆ ನಾದ ಅಲುಗಿದಂತೆ ಕೇಳುತ್ತದೆ, ಅವರು ಕೇಳಬೇಕಾದದ್ದು ತಂತಿಗಳ ನಡುವೆ ಹುಟ್ಟುವ ಅಂಥದ್ದೇ ಅಲುಗಾಟವನ್ನು. ಕುಕ್ಕರ್, ಮಿಕ್ಸಿ ಕೆಲಸ ಬೆಳಗ್ಗೆಯೇ ಮುಗಿಸಿಕೊಳ್ಳಿ. ಸುಮಾರು ಒಂದೂವರೆ-ಎರಡು ಗಂಟೆ ಬೇಕಾಗುತ್ತದೆ, ಶ್ರುತಿ ತುಂಬಾ ಇಳಿದಿದ್ದರೆ ಇನ್ನೂ ಜಾಸ್ತಿ.

ಬಯಲುಸೀಮೆ, ಧಾರವಾಡ

ಮತ್ತ ಆ ಟ್ಯೂನರ್ ಹುಬ್ಬಳ್ಳಿ-ಧಾರವಾಡಕ್ಕೆ ಬರ್ತಾರೇನು ಕೇಳ್ರಿ ಅಕ್ಕಾರ. ಈ ಕಡೆ ಮೂರು ಪಿಯಾನೋ ಕಾಯ್ತಾ ಕೂತಾವ.

ರಾಜಾಜಿನಗರದ ಅಮ್ಮ

ಕೇಳಿದೆ. ದೀಪಾವಳಿ ಆದ ಮೇಲೆ ಬರುತ್ತಾರಂತೆ, ಮೂರೂ ಒಂದೇ ಸಲ ಆದರೆ. ನಿಮಗೆ ಮೆಸೇಜ್ ಹಾಕುತ್ತೇನೆ.